ಪಾರ್ಕಿನೊಳಗಿನ ಒಡ್ಡು ಸುಮ್ನೆ ಬಿದ್ದ ಮಣ್ಣಲ್ಲ

ಪ್ರಶ್ನೆ: ನಮ್ಮದು ವಿಜಯಪುರದ ಹೊರವಲಯದ ಒಂದು ಬಡಾವಣೆ. ಸುಮಾರು ಇಪ್ಪತ್ತು ವರ್ಷದ ಹಿಂದೆ ಹೊಲಗಳು ಎನ್‌ಎ, ಅಂದರೆ ಕೃಷಿಯೇತರ ಜಮೀನು ಆಗಿ ಪ್ಲಾಟ್ ಬಿದ್ದವು. ನಮ್ಮ ಪಾರ್ಕಿನ ನಡುವೆ ಇನ್ನೂರು ಅಡಿಯಷ್ಟು ಉದ್ದದ, ಮೊಣಕಾಲಿಗಿಂತ ಸ್ವಲ್ಪ ಎತ್ತರದ ಒಂದು ದಿಬ್ಬ ಇದೆ. ನೇರವಾಗಿಲ್ಲ, ಬಾಗಿಕೊಂಡು ಹೋಗುತ್ತದೆ. ಅದರ ಮೇಲೆ ದೊಡ್ಡ ಬೇವಿನ ಗಿಡಗಳಿವೆ. ದಿಬ್ಬದ ಒಂದು ಬದಿಗೆ ಚೌಕಾಕಾರದ ತಗ್ಗುಗಳು ಸಾಲಾಗಿವೆ. ಮೂಲೆಯಲ್ಲಿ ಕಲ್ಲು ಕಟ್ಟಿದ ಬಾವಿ ಇದೆ. ಬಾವಿ ಬಾಯಿಯ ಕಲ್ಲಿನಲ್ಲಿ ಬೆರಳು ಹಿಡಿಸುವಷ್ಟು ಆಳದ ಗೀರುಗಳಿವೆ. ನೆರೆಯವರೊಬ್ಬರು ಈ ದಿಬ್ಬದ ಕೆಳಗೆ ಆದಿಲ್‌ಶಾಹಿ ಕಾಲದ ನೀರಿನ ಕೊಳವೆ ಹೋಗಿದೆ ಎನ್ನುತ್ತಾರೆ. ಇನ್ನೊಬ್ಬರು ಲೇಔಟ್ ಮಾಡುವಾಗ ಸುರಿದ ಮಣ್ಣು ಎನ್ನುತ್ತಾರೆ. ಹುಲ್ಲಿನಲ್ಲಿ ಸಾಲು ಸಾಲು ಗೆರೆಗಳೂ ಕಾಣುತ್ತವೆ. ಅವು ಹಳೆಯ ಉಳುಮೆಯ ಗುರುತೇ? ಇಂಗ್ಲೆಂಡಿನಲ್ಲಿ ಅಂಥ ಏರುತಗ್ಗು ನೂರಾರು ವರ್ಷ ಉಳಿದಿದೆ ಎಂದು ಓದಿದ್ದೇವೆ. ಮಳೆಗಾಲ ಮುಗಿದ ಮೇಲೂ ದಿಬ್ಬದ ಒಂದು ಬದಿಯಲ್ಲಿ ಮಾತ್ರ ಹುಲ್ಲು ಹಸಿರಾಗಿರುತ್ತದೆ. ಅಲ್ಲಿ ನಿಂತ ಮಳೆ ನೀರು ಎರಡು ದಿನದಲ್ಲಿ ಇಂಗಿಹೋಗುತ್ತದೆ. ಫೋಟೋಗಳನ್ನೂ ಕಳಿಸಿದ್ದೇವೆ. ಈಗ ವಾಕಿಂಗ್ ಪಾತ್ ಮಾಡಲು ಇಡೀ ಪಾರ್ಕನ್ನು ಸಮ ಮಾಡಬೇಕು ಎಂಬ ಮಾತು ನಡೆದಿದೆ. ನಾವು ಬೇಡ ಎನ್ನಬೇಕೇ? ಅಂದಹಾಗೆ, ಪ್ರತಿ ಎಳ್ಳಮಾವಾಸ್ಯೆಗೆ ಒಬ್ಬ ಅಜ್ಜಿ ಬಂದು ಅಲ್ಲಿನ ಬನ್ನಿಗಿಡದ ಕೆಳಗೆ ಪೂಜೆ ಮಾಡಿ ಹೋಗುತ್ತಾರೆ. ಅವರು ಯಾರೆಂದು ನಮಗೆ ಗೊತ್ತಿಲ್ಲ.

ಉತ್ತರ: ಮೊದಲೇ ಹೇಳಿಬಿಡುತ್ತೇನೆ. ಸಮ ಮಾಡಲು ಬಿಡಬೇಡಿ. ಆ ದಿಬ್ಬ ಆದಿಲ್‌ಶಾಹಿ ಕಾಲದ್ದೂ ಅಲ್ಲ, ಲೇಔಟ್‌ನವರು ಸುರಿದ ಮಣ್ಣೂ ಅಲ್ಲ. ನೀವು ಬರೆದ ವಿವರ, ಕಳಿಸಿದ ಫೋಟೋ ಎರಡನ್ನೂ ನೋಡಿದರೆ ಅದು ಹೊಲದ ಒಡ್ಡು. ಮಳೆ ನೀರು ಹರಿದು ಹೋಗದಂತೆ ಇಳಿಜಾರಿಗೆ ಅಡ್ಡವಾಗಿ ಹಾಕಿದ್ದು. ಎಪ್ಪತ್ತು ಎಂಬತ್ತು ವರ್ಷದ ಹಿಂದಿನದು ಇರಬೇಕು. ಬಾವಿ ಅದಕ್ಕಿಂತ ಹಳೆಯದು ಇದ್ದರೂ ಇರಬಹುದು. ನಾನು ನೌಕರಿಯ ಬಹುಪಾಲು ವರ್ಷಗಳನ್ನು ಇಂಥ ಒಡ್ಡುಗಳ ಮೇಲೆ ಓಡಾಡುತ್ತಲೇ ಕಳೆದವನು. ಆದರೂ ನನ್ನ ಮಾತನ್ನೇ ನಂಬಿ ಎನ್ನುವುದಿಲ್ಲ. ಒಂದು ಭಾನುವಾರ ಬೆಳಿಗ್ಗೆ ನಾಲ್ಕು ಜನ ಸೇರಿ ಹೋದರೆ ನೀವೇ ಪರೀಕ್ಷೆ ಮಾಡಬಹುದು.

ಮೊದಲು ಬೇವಿನ ಗಿಡದ ಬುಡ ನೋಡಿ. ನೆಲದ ಹತ್ತಿರ ಕಾಂಡ ಅಗಲವಾಗಿ, ಬೇರುಗಳು ಕೈಬೆರಳು ಚಾಚಿದ ಹಾಗೆ ಹರಡಿಕೊಂಡಿದ್ದರೆ ಆ ಗಿಡ ಹುಟ್ಟಿದ್ದೇ ದಿಬ್ಬದ ಮೇಲೆ. ಅಂದರೆ ಗಿಡಕ್ಕಿಂತ ದಿಬ್ಬಕ್ಕೆ ವಯಸ್ಸು ಹೆಚ್ಚು. ಹಾಗಲ್ಲದೆ ಕಾಂಡ ಕಂಬ ಹುಗಿದ ಹಾಗೆ ನೇರವಾಗಿ ಮಣ್ಣಿನೊಳಗೆ ಇಳಿದಿದ್ದರೆ, ಗಿಡ ಬೆಳೆದ ಮೇಲೆ ಯಾರೋ ಅದರ ಬುಡಕ್ಕೆ ಮಣ್ಣು ಸುರಿದಿದ್ದಾರೆ ಎಂದರ್ಥ. ನಿಮ್ಮ ಮೂರನೇ ಫೋಟೋದಲ್ಲಿ ಬುಡ ಚೆನ್ನಾಗಿ ಕಾಣುತ್ತದೆ. ಬೇರು ಹರಡಿಕೊಂಡೇ ಇದೆ. ಸುರಿದ ಮಣ್ಣು ಎಂಬ ವಾದ ಅಲ್ಲಿಗೇ ಮುಗಿಯಿತು. ಬಳ್ಳಾರಿ ಜಾಲಿಯನ್ನು ಮಾತ್ರ ಈ ಪರೀಕ್ಷೆಗೆ ಹಿಡಿಯಬೇಡಿ. ಅದು ಖಾಲಿ ಬಿದ್ದ ಯಾವ ಜಾಗಕ್ಕಾದರೂ ನಾಲ್ಕೈದು ವರ್ಷದಲ್ಲಿ ನುಗ್ಗಿ ಬೆಳೆಯುತ್ತದೆ.

ಆಮೇಲೆ ದಿಬ್ಬದ ಎರಡೂ ಬದಿಯ ನೆಲದ ಮಟ್ಟ ಅಳೆಯಿರಿ. ಗೌಂಡಿಗಳ ಹತ್ತಿರ ನೀರು ತುಂಬಿದ ಪಾರದರ್ಶಕ ಪೈಪ್ ಇರುತ್ತದಲ್ಲ, ಅದೇ ಸಾಕು. ಹಳೆಯ ಒಡ್ಡಾದರೆ ಇಳಿಜಾರಿನ ಮೇಲ್ಬದಿಯ ನೆಲ ಕೆಳಬದಿಗಿಂತ ಎತ್ತರ ಇರುತ್ತದೆ. ಪ್ರತಿ ಮಳೆಗೂ ಮೇಲಿನಿಂದ ತೊಳೆದು ಬಂದ ಮಣ್ಣು ಒಡ್ಡಿಗೆ ತಡೆದು ನಿಂತು ಪದರ ಪದರವಾಗಿ ಕೂತಿರುತ್ತದೆ. ಹೊಸದಾಗಿ ಸುರಿದ ಮಣ್ಣಾದರೆ ಎರಡೂ ಬದಿ ಒಂದೇ ಇಳಿಜಾರಿನಲ್ಲಿ ಮುಂದುವರಿಯುತ್ತದೆ. ಮಳೆಗಾಲ ಮುಗಿದ ಮೇಲೂ ದಿಬ್ಬದ ಒಂದು ಬದಿಯಲ್ಲಿ ಮಾತ್ರ ಹುಲ್ಲು ಹಸಿರಾಗಿರುತ್ತದೆ ಎಂದು ನೀವು ಬರೆದಿದ್ದೀರಿ. ಅದು ಮೇಲ್ಬದಿಯೇ ಆಗಿರುತ್ತದೆ, ನೋಡಿ.

ಈಗ ನಿಮ್ಮ ಚೌಕಾಕಾರದ ತಗ್ಗುಗಳಿಗೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಬಹಳ ಖುಷಿ ಕೊಟ್ಟ ವಿವರ ಇದು. ಒಡ್ಡು ಹಾಕಲು ಮಣ್ಣು ಎಲ್ಲಿಂದಾದರೂ ಬರಬೇಕಲ್ಲ. ರೈತರು ತಾವೇ ಹಾಕಿಕೊಳ್ಳುವ ಒಡ್ಡಿಗೆ ಬೇಸಿಗೆಯಲ್ಲಿ ಎತ್ತು ಕಟ್ಟಿ, ಹೊಲದ ಎತ್ತರದ ಕಡೆಯ ಮಣ್ಣು ಎಳೆದು ತಂದು ಹಾಕುತ್ತಿದ್ದರು. ಅಲ್ಲಿ ತಗ್ಗು ಉಳಿಯುವುದಿಲ್ಲ. ಸರ್ಕಾರದ ಯೋಜನೆಯಲ್ಲಿ ಹಾಕಿದ ಒಡ್ಡಿನ ರೀತಿ ಬೇರೆ. ಮೇಲ್ಬದಿಗೆ ಅಳತೆ ಮಾಡಿ ಗುಂಡಿ ತೋಡಿ, ಆ ಮಣ್ಣನ್ನು ಒಡ್ಡಿಗೆ ಹಾಕುತ್ತಾರೆ. ಎರಡು ಗುಂಡಿಗಳ ನಡುವೆ ಸ್ವಲ್ಪ ನೆಲ ಹಾಗೇ ಬಿಡುತ್ತಾರೆ, ಇಲ್ಲದಿದ್ದರೆ ಗುಂಡಿಗಳೆಲ್ಲ ಕೂಡಿ ಕಾಲುವೆಯಾಗಿ ನೀರು ಒಡ್ಡಿನ ಗುಂಟ ಓಡಿಬಿಡುತ್ತದೆ. ಗುಂಡಿ ಎಷ್ಟು ತೋಡಿದ್ದಾರೆ ಎಂದು ಅಳೆದು ಕೂಲಿ ಕೊಡುತ್ತಿದ್ದರಿಂದ ಅವು ಚೌಕಾಕಾರದಲ್ಲಿಯೇ ಇರುತ್ತಿದ್ದವು. ನೀವು ನೋಡುತ್ತಿರುವ ಒಂದೊಂದು ತಗ್ಗೂ ಯಾರೋ ಗುದ್ದಲಿ ಹಿಡಿದು ಮಾಡಿದ ಕೂಲಿಯ ಲೆಕ್ಕ. ಹೊಲದಲ್ಲಿ ಇಂಥ ಗುಂಡಿಗಳು ಹೂಳು ತುಂಬಿ ಕೆಲವೇ ವರ್ಷದಲ್ಲಿ ಮುಚ್ಚಿಹೋಗುತ್ತವೆ, ಮೇಲೆ ಕುಂಟೆ ಹೊಡೆದು ಬಿತ್ತುತ್ತಾರೆ. ನಿಮ್ಮಲ್ಲಿ ಅರ್ಧವಾದರೂ ಉಳಿದಿವೆ ಎಂದರೆ, ಒಡ್ಡಿನ ಪಕ್ಕದ ಆ ಪಟ್ಟಿಯಲ್ಲಿ ಬಿತ್ತನೆ ಬೇಗ ನಿಂತಿತ್ತು ಎಂದೇ ತಿಳಿಯಬೇಕು.

ಈ ತಗ್ಗುಗಳಿಂದಲೇ ಕಾಲವನ್ನೂ ಅಂದಾಜು ಮಾಡಬಹುದು. 1956ರವರೆಗೆ ವಿಜಯಪುರ, ಅಂದರೆ ಆಗಿನ ಬಿಜಾಪುರ, ಬಾಂಬೆ ರಾಜ್ಯದಲ್ಲಿತ್ತು. 1876ರಿಂದ 78ರ ದೊಡ್ಡ ಬರ ಈ ಸೀಮೆಯನ್ನು ಹಣ್ಣು ಮಾಡಿತ್ತು. ಆಮೇಲೂ ಬರ ಬಿಡಲಿಲ್ಲ. 1930ರ ದಶಕದಲ್ಲಿ ಸೊಲ್ಲಾಪುರ, ಬಿಜಾಪುರ, ರಾಯಚೂರು, ಹಗರಿಯಂಥ ಕಡೆ ಒಣ ಬೇಸಾಯದ ಸಂಶೋಧನಾ ಕೇಂದ್ರಗಳು ಶುರುವಾದವು. ಅಲ್ಲಿ ಕೆಲಸ ಮಾಡಿದವರು ಕಂಡುಕೊಂಡಿದ್ದು ಸರಳ ವಿಷಯ. ಇಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಅದೂ ಬಿದ್ದರೆ ಒಮ್ಮೆಲೇ ಬೀಳುತ್ತದೆ, ಅರ್ಧ ಹರಿದು ಹಳ್ಳ ಸೇರುತ್ತದೆ, ಹೋಗುವಾಗ ಮಣ್ಣನ್ನೂ ಹೊತ್ತುಕೊಂಡು ಹೋಗುತ್ತದೆ. ಬಿದ್ದ ನೀರನ್ನು ಬಿದ್ದಲ್ಲೇ ನಿಲ್ಲಿಸಿದರೆ ಮಾತ್ರ ಹಿಂಗಾರಿ ಜೋಳ ಕೈಗೆ ಬರುತ್ತದೆ. 1942ರಲ್ಲಿ ಬಾಂಬೆ ಪ್ರಾಂತ್ಯದಲ್ಲಿ ಜಮೀನು ಅಭಿವೃದ್ಧಿ ಯೋಜನೆಗಳ ಕಾಯ್ದೆ ಬಂತು. ಅದರ ಕೆಳಗೆ ಊರಿಗೆ ಊರೇ ಸಮಪಾತಳಿ ಒಡ್ಡು ಹಾಕುವ ಕೆಲಸ ನಡೆಯಿತು. ಒಬ್ಬರ ಹೊಲ ಇನ್ನೊಬ್ಬರ ಹೊಲ ಎಂದು ನೋಡದೆ, ನೆಲದ ಮಟ್ಟ ಹೇಗೆ ತಿರುಗುತ್ತದೋ ಹಾಗೆ ಒಡ್ಡು ತಿರುಗುತ್ತಾ ಹೋಗುತ್ತಿತ್ತು. ನಿಮ್ಮ ದಿಬ್ಬ ಬಾಗಿರುವುದು ಅದಕ್ಕೇ.

ಬಾಗದೆ ನೇರವಾಗಿ ಹೋಗುವ ಒಡ್ಡು ಬೇರೆ ಜಾತಿಯದು. ಅದು ಎರಡು ಹೊಲಗಳ ನಡುವಿನ ಬದು. ಪುಣೆ ಹತ್ತಿರದ ಇಂದಾಪುರದಲ್ಲಿ 1835ರ ಸುಮಾರಿಗೆ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಇಬ್ಬರು ಅಧಿಕಾರಿಗಳು ಶುರು ಮಾಡಿದ ಸರ್ವೆ ಮುಂದೆ ನಮ್ಮ ಸೀಮೆಗೂ ಬಂತು. ಪ್ರತಿ ಹೊಲಕ್ಕೂ ನಂಬರ್ ಕೊಟ್ಟರು, ಮೂಲೆಗಳಿಗೆ ಬಾಂದುಕಲ್ಲು ಹುಗಿಸಿದರು, ನಡುವೆ ಉಳದ ಪಟ್ಟಿ ಬಿಡಿಸಿದರು. ಇಂದಿಗೂ ನಾವು ಹೇಳುವ ಸರ್ವೆ ನಂಬರ್ ಅದೇ. ಆ ಕಾಲದ ಅಳತೆಯ ಸರಪಳಿ 33 ಅಡಿಯದು, ಅದಕ್ಕೆ 16 ಆಣೆ. 33 ಅಡಿ ಉದ್ದ 33 ಅಡಿ ಅಗಲದ ತುಂಡು ಒಂದು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ. ನಿಮ್ಮ ಪಾರ್ಕಿನ ಬೇಲಿಯ ಹತ್ತಿರ ಅರ್ಧ ಹುಗಿದ ಒರಟು ಕಲ್ಲು ಎಲ್ಲಾದರೂ ಕಂಡರೆ ಕಿತ್ತು ಹಾಕಬೇಡಿ. ಅಂಥ ಇನ್ನೊಂದು ಕಲ್ಲು ಸಿಕ್ಕರೆ ಎರಡರ ನಡುವಿನ ದೂರವನ್ನು ಟೇಪು ಹಿಡಿದು ಅಳೆಯಿರಿ. ಹಳೆಯ ಟಿಪ್ಪಣಿಯಲ್ಲಿ, ಅಂದರೆ ಸರ್ವೆಯವರು ಹೊಲದ ಅಳತೆ ಬರೆದಿಟ್ಟ ದಾಖಲೆಯಲ್ಲಿ, ಇರುವ ಸರಪಳಿ ಆಣೆಯ ಲೆಕ್ಕಕ್ಕೆ ಅದು ಕೂಡಿ ಬಂದರೆ ಅವು ಬಾಂದುಕಲ್ಲುಗಳೇ. ಕಲ್ಲಿನ ಮೇಲೆ ಲಿಂಗ, ಸೂರ್ಯ ಚಂದ್ರ ಕೆತ್ತಿದ್ದರೆ ಅದು ಸರ್ವೆಗಿಂತ ಬಹಳ ಹಳೆಯದು, ದತ್ತಿ ಕೊಟ್ಟ ಭೂಮಿಯ ಗಡಿಕಲ್ಲು. ಆಗ ಪುರಾತತ್ವ ಇಲಾಖೆಗೆ ತಿಳಿಸಿ.

ಆದಿಲ್‌ಶಾಹಿ ಕೊಳವೆ ಎಂದ ನಿಮ್ಮ ನೆರೆಯವರನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ತೊರವಿಯಿಂದಲೂ, 1651ರಲ್ಲಿ ಮೊಹಮ್ಮದ್ ಆದಿಲ್‌ಶಾಹ ಕಟ್ಟಿಸಿದ ಬೇಗಂ ತಲಾಬ್ ಎಂಬ ಕೆರೆಯಿಂದಲೂ ಊರಿಗೆ ನೀರು ನೆಲದೊಳಗಿನಿಂದಲೇ ಬರುತ್ತಿತ್ತು. ದಾರಿಯಲ್ಲಿ ನೀರಿನ ಒತ್ತಡ ತಗ್ಗಿಸಲು ಗಂಜ್ ಎಂಬ ಗೋಪುರಗಳಿದ್ದವು, ಕೆಲವು ಇನ್ನೂ ನಿಂತಿವೆ. ಆದರೆ ಕೊಳವೆಯನ್ನು ನೆಲದ ಒಳಗೆ ಗಾರೆ ಕಲ್ಲಿನ ಕಟ್ಟಡದಲ್ಲಿ ಹಾಕುತ್ತಿದ್ದರು, ಮೊಣಕಾಲೆತ್ತರದ ಮಣ್ಣಿನ ದಿಬ್ಬದಲ್ಲಿ ಅಲ್ಲ. ನೀರು ಒಯ್ಯುವ ಕೊಳವೆ ಎತ್ತರದಿಂದ ತಗ್ಗಿಗೆ ಹೋಗುತ್ತದೆ. ನಿಮ್ಮ ದಿಬ್ಬ ಇಳಿಜಾರಿಗೆ ಅಡ್ಡ ನಿಂತಿದೆ. ಕೊಳವೆಯ ಕೆಲಸ ನೀರನ್ನು ಸಾಗಿಸುವುದು, ಒಡ್ಡಿನ ಕೆಲಸ ನೀರನ್ನು ನಿಲ್ಲಿಸುವುದು. ದಿಕ್ಕು ನೋಡಿದರೇ ತಿಳಿಯುತ್ತದೆ.

ಹುಲ್ಲಿನ ಸಾಲು ಗೆರೆಗಳ ವಿಷಯಕ್ಕೆ ಬಂದರೆ, ನಿಮಗೆ ಸ್ವಲ್ಪ ನಿರಾಸೆ ಆಗಬಹುದು. ಅವು ಹಳೆಯ ಉಳುಮೆಯ ಗುರುತಲ್ಲ. ಇಂಗ್ಲೆಂಡಿನಲ್ಲಿ ಹಳೆಯ ಉಳುಮೆಯ ಏರುತಗ್ಗು ನೂರಾರು ವರ್ಷ ಉಳಿದಿದೆ ಎಂದು ನೀವು ಓದಿದ್ದೀರಂತೆ. ಅದು ನಿಜ. ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದೊಳಗಿನ ಹೋಲಿರೂಡ್ ಪಾರ್ಕಿನ ಗುಡ್ಡದ ಮೈಮೇಲೆ ಹಳೆಯ ಬೇಸಾಯದ ಮೆಟ್ಟಿಲುಗಳು ಇವತ್ತಿಗೂ ಕಾಣುತ್ತವೆ. ಇಂಗ್ಲೆಂಡಿನ ಹಳೆಯ ನೇಗಿಲು ಮಣ್ಣನ್ನು ಯಾವಾಗಲೂ ಒಂದೇ ಬದಿಗೆ ಮಗುಚುತ್ತಿತ್ತು. ಪ್ರತಿ ವರ್ಷ ಒಂದೇ ಪಟ್ಟಿಯನ್ನು ಸುತ್ತಿ ಸುತ್ತಿ ಉತ್ತಾಗ ಮಣ್ಣು ನಡುವೆ ಏರಿ ದಿಂಡಾಯಿತು. ಆಮೇಲೆ ಅದನ್ನು ಕುರಿ ಮೇಯಲು ಬಿಟ್ಟರು, ಹುಲ್ಲು ಬೆಳೆದು ಆಕಾರ ಹಾಗೇ ಉಳಿಯಿತು.

ನಮ್ಮ ಮರದ ನೇಗಿಲು, ರಂಟೆ ಮಣ್ಣು ಮಗುಚುವುದಿಲ್ಲ, ಸೀಳುತ್ತದೆ. ಮಣ್ಣು ಎರಡೂ ಬದಿಗೆ ಬೀಳುತ್ತದೆ. ಇವತ್ತು ಉದ್ದ ಹೊಡೆದರೆ ನಾಳೆ ಅಡ್ಡ ಹೊಡೆಯುತ್ತಾರೆ. ಆಮೇಲೆ ಕುಂಟೆ. ಕೂರಿಗೆಯಲ್ಲಿ ಬಿತ್ತಿದ ಜೋಳದ ಸಾಲು ಒಂದೂವರೆ ಅಡಿಗೊಂದು ಇರುತ್ತದೆ. ಕೊಯ್ಲಾಗಿ ಮತ್ತೊಮ್ಮೆ ಕುಂಟೆ ಹೊಡೆದರೆ ಅದೂ ಹೋಯಿತು. ಮಣ್ಣು ಮಗುಚುವ ಕಬ್ಬಿಣದ ನೇಗಿಲು ಈ ಸೀಮೆಗೆ ಬಂದದ್ದೇ ತಡವಾಗಿ. ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಕಬ್ಬಿಣದ ನೇಗಿಲು ಮಾಡಿದ್ದು 1903ರಲ್ಲಿ. ಅದನ್ನು ಕೊಳ್ಳಲು ರೈತರು ಮೊದಮೊದಲು ಹಿಂಜರಿದರು. ಎರೆ ಭೂಮಿಯ ಗುಣ ಇನ್ನೂ ಬೇರೆ. ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರುಕು ಬಿಡುತ್ತದೆ, ಮೇಲಿನ ಮಣ್ಣು ಬಿರುಕಿನೊಳಗೆ ಉದುರುತ್ತದೆ, ಮಳೆ ಬಂದಾಗ ಉಬ್ಬಿ ಮೇಲೇಳುತ್ತದೆ. ಅಂಥ ಮಣ್ಣಿನಲ್ಲಿ ನೇಗಿಲ ಗೆರೆ ಉಳಿಯುವುದಾದರೂ ಹೇಗೆ? ನಿಮ್ಮ ಗೆರೆಗಳು ಫೋಟೋದಲ್ಲಿ ಒಂದೇ ಅಳತೆಯಲ್ಲಿ, ಬಹಳ ನೇರವಾಗಿ ಕಾಣುತ್ತವೆ. ಪಾರ್ಕು ಮಾಡಿದಾಗ ಟ್ರ್ಯಾಕ್ಟರ್ ಹೊಡೆದದ್ದು ಅಥವಾ ಸಸಿ ಹಚ್ಚಲು ಎಳೆದ ಸಾಲು ಅದು. ಅವನ್ನು ಸಮ ಮಾಡಿದರೆ ನಷ್ಟವಿಲ್ಲ.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದೂ ಇದನ್ನೇ. ನಮ್ಮ ಸೀಮೆಯಲ್ಲಿ ಹಳೆಯ ಬೇಸಾಯದ ಗುರುತನ್ನು ಉತ್ತ ಸಾಲಿನಲ್ಲಿ ಹುಡುಕಬಾರದು, ನೀರು ನಿಲ್ಲಿಸಲು ಮಾಡಿದ ಕೆಲಸದಲ್ಲಿ ಹುಡುಕಬೇಕು. ಒಡ್ಡು, ಕೋಡಿ, ಬಾವಿ, ಬದುವಿನ ಗಿಡ. ಬೇಸಾಯ ಹೋಗಿ ಎಷ್ಟು ವರ್ಷವಾದರೂ ಇವು ತಮ್ಮ ಕೆಲಸ ನಿಲ್ಲಿಸುವುದಿಲ್ಲ.

ಬಾವಿಯ ಬಗ್ಗೆ ಹೇಳುತ್ತೇನೆ. ಊರೊಳಗಿನ ತಾಜ್ ಬಾವಡಿ, ಚಾಂದ್ ಬಾವಡಿ ಜನರಿಗಾಗಿ ಕಟ್ಟಿದವು. ಅಲ್ಲಿ ಅಗಲವಾದ ಮೆಟ್ಟಿಲು, ಕಮಾನು, ಉಳಿದುಕೊಳ್ಳಲು ಕೋಣೆ ಇವೆ. ನಿಮ್ಮದು ಹೊಲದ ಬಾವಿ, ಮೊಟ್ಟೆ ಬಾವಿ, ಅಂದರೆ ಎತ್ತು ಕಟ್ಟಿ ಚರ್ಮದ ಚೀಲದಲ್ಲಿ ನೀರೆತ್ತುವ ಬಾವಿ. ಕೆಲವು ಕಡೆ ಕಪಿಲೆ ಎಂದೂ ಅನ್ನುತ್ತಾರೆ. ಪಕ್ಕದಲ್ಲಿ ಒಂದು ಇಳಿಜಾರು ಇದ್ದೇ ಇರಬೇಕು. ಅದು ಬಾವಿಯ ಕಡೆಗೆ ಇಳಿಯುತ್ತದೋ, ಬಾವಿಯಿಂದ ದೂರಕ್ಕೆ ಇಳಿಯುತ್ತದೋ ನೋಡಿ. ದೂರಕ್ಕೆ ಇಳಿದರೆ ಅದು ಎತ್ತಿನ ದಾರಿ. ಜೋಡಿ ಎತ್ತು ಆ ಇಳಿಜಾರಿನಲ್ಲಿ ಕೆಳಗೆ ನಡೆದಾಗ ಅವುಗಳ ಮೈಭಾರವೇ ನೀರನ್ನು ಮೇಲೆ ಎಳೆಯುತ್ತದೆ. ಎತ್ತಿನ ದಾರಿಯ ಉದ್ದ ಹೆಚ್ಚುಕಡಿಮೆ ಬಾವಿಯ ಆಳದಷ್ಟೇ ಇರುತ್ತದೆ, ಯಾಕೆಂದರೆ ಎತ್ತು ಎಷ್ಟು ದೂರ ನಡೆಯುತ್ತದೋ ಮೊಟ್ಟೆ ಅಷ್ಟೇ ಮೇಲೆ ಬರುತ್ತದೆ. ಆದ್ದರಿಂದ ಬಾವಿ ಹೂಳು ತುಂಬಿದ್ದರೂ ಅದರ ಮೂಲ ಆಳವನ್ನು ನೀವು ಹೊರಗಿನಿಂದಲೇ ಅಂದಾಜು ಮಾಡಬಹುದು. ಹಗ್ಗ ಬಿಟ್ಟು ಇಳಿಯಬೇಡಿ. ಹಳೆಯ ಬಾವಿಯ ತಳದಲ್ಲಿ ಉಸಿರುಗಟ್ಟಿಸುವ ಗಾಳಿ ಇರುತ್ತದೆ.

ಮೊಟ್ಟೆ ಅಂದರೆ ದೊಡ್ಡ ಚರ್ಮದ ಚೀಲ. ಕೆಳಗೆ ಸೊಂಡಿಲಿನ ಹಾಗೆ ಒಂದು ಬಾಯಿ. ಮೇಲಿನ ದಪ್ಪ ಹಗ್ಗ ಗಾಲಿಯ ಮೇಲೆ ಓಡುತ್ತದೆ. ಸೊಂಡಿಲಿಗೆ ಕಟ್ಟಿದ ಸಣ್ಣ ಹಗ್ಗ ಬಾವಿಯ ಅಂಚಿನ ಉರುಳಿಯ ಮೇಲೆ ಓಡುತ್ತದೆ. ಏರುವಾಗ ಸೊಂಡಿಲು ಮಡಚಿಕೊಂಡಿರುತ್ತದೆ. ಅಂಚಿಗೆ ಬಂದಾಗ ಸಣ್ಣ ಹಗ್ಗ ಅದನ್ನು ಹೊರಗೆ ಎಳೆದುಬಿಡುತ್ತದೆ, ನೀರು ತಾನೇ ಕಲ್ಲಿನ ದೋಣಿಗೆ ಸುರಿಯುತ್ತದೆ. ಬಗ್ಗಿ ಸುರಿಯುವ ಆಳು ಬೇಕಿಲ್ಲ. ನಿಮ್ಮ ಕಲ್ಲಿನ ಗೀರುಗಳು ಎತ್ತಿನ ದಾರಿಯ ಕಡೆ ಮಾತ್ರ ಇದ್ದರೆ ಅವು ಆ ಕೆಳಗಿನ ಹಗ್ಗ ತಿಕ್ಕಿ ಆದವು. ಬಾವಿಯ ಸುತ್ತಲೂ ಇದ್ದರೆ ಕೊಡಕ್ಕೆ ಹಗ್ಗ ಕಟ್ಟಿ ನೀರು ಸೇದಿದ ಗುರುತು. ಎರಡೂ ಇದ್ದರೆ ಹೊಲಕ್ಕೂ ಇದೇ ನೀರು, ಕುಡಿಯಲೂ ಇದೇ ನೀರು ಎಂದಾಯಿತು. ಕರಿಕಲ್ಲಿನಲ್ಲಿ ಬೆರಳು ಹಿಡಿಸುವಷ್ಟು ಗೀರು ಬೀಳಬೇಕಾದರೆ ಎಷ್ಟು ದಿನ, ಎಷ್ಟು ಜೋಡಿ ಎತ್ತು ನಡೆದಿರಬೇಕು! ನಾನು ಇಂಥ ಕಲ್ಲು ಕಂಡಾಗೆಲ್ಲ ಕೈಯಿಟ್ಟು ನೋಡುತ್ತೇನೆ. ಒಳಗೆ ಗಾಜಿನ ಹಾಗೆ ನುಣುಪಾಗಿರುತ್ತದೆ.

ಬಾವಿಯ ಹತ್ತಿರ ಬೋಲ್ಟು ಚಾಚಿಕೊಂಡ ಸಿಮೆಂಟಿನ ಕಟ್ಟೆ ಇದೆಯೇ ನೋಡಿ. ಅದು ಡೀಸೆಲ್ ಇಂಜಿನ್ ಕೂಡಿಸಿದ ಜಾಗ. ಮೊಟ್ಟೆ ಹೋಗಿ ಇಂಜಿನ್ ಬಂತು, ಇಂಜಿನ್ ಹೋಗಿ ಕರೆಂಟ್ ಮೋಟಾರ್ ಬಂತು, ಬೋರ್‌ವೆಲ್ ಬಂದ ಮೇಲೆ ಬಾವಿಯೇ ಬತ್ತಿತು. ಈ ನಾಲ್ಕೂ ಕಾಲ ಒಂದೇ ಮೂಲೆಯಲ್ಲಿ ಒಂದರ ಪಕ್ಕ ಒಂದು ನಿಂತಿರುತ್ತವೆ. ಸಿಮೆಂಟಿನ ಕಟ್ಟೆಯನ್ನು ಕಸ ಎಂದು ಒಡೆಯಬೇಡಿ. ಅದೂ ಬೇಸಾಯದ ಇತಿಹಾಸವೇ.

ಇನ್ನೊಂದು ಪರೀಕ್ಷೆ ಮಕ್ಕಳಿಗೆ ಬಹಳ ಇಷ್ಟವಾಗುತ್ತದೆ. ಮಳೆ ಬಂದು ಹೋದ ಮರುದಿನ ಹುಲ್ಲಿಲ್ಲದ ಕಡೆ ನೆಲ ನೋಡುತ್ತಾ ನಡೆಯಿರಿ. ಗಡಿಗೆಯ ಚೂರು, ಬಳೆಯ ಚೂರು ಸಿಗುತ್ತವೆ. ಅವನ್ನು ನೋಡಿ ಇಲ್ಲಿ ಹಳೆಯ ಊರು ಇತ್ತು ಎಂದು ಅನೇಕರು ತಿಳಿಯುತ್ತಾರೆ. ಇರಲೂಬಹುದು, ಆದರೆ ಹೆಚ್ಚಿನ ಸಲ ಅವು ತಿಪ್ಪೆಯಿಂದ ಬಂದವು. ಮನೆಯ ಸಗಣಿ, ಬೂದಿ, ಕಸ ಎಲ್ಲ ತಿಪ್ಪೆಗೆ ಹೋಗುತ್ತಿತ್ತು. ಒಡೆದ ಗಡಿಗೆಯೂ ಅದರ ಜೊತೆಗೇ. ಬೇಸಿಗೆಯಲ್ಲಿ ಬಂಡಿ ಹೂಡಿ ಗೊಬ್ಬರ ಹೊಲಕ್ಕೆ ಹಾಕಿದಾಗ ಚೂರುಗಳೂ ಹೊಲ ಸೇರಿದವು. ಚೂರುಗಳು ಸಣ್ಣವಾಗಿ, ಅಂಚು ಸವೆದು, ಎಲ್ಲ ಕಡೆ ಅಲ್ಲೊಂದು ಇಲ್ಲೊಂದು ಇದ್ದರೆ ಅದು ಗೊಬ್ಬರ ಹಾಕಿದ ಹೊಲ. ಒಂದೇ ಕಡೆ ಗುಂಪಾಗಿ, ದೊಡ್ಡ ತುಂಡುಗಳು ಇದ್ದರೆ ಅಲ್ಲಿ ಮನೆ ಇತ್ತು. ಸಿಮೆಂಟ್, ಟೈಲ್ಸ್ ತುಂಡು ಮಾತ್ರ ಸಿಕ್ಕರೆ ಆ ಜಾಗಕ್ಕೆ ಹೊರಗಿನ ಮಣ್ಣು ಬಿದ್ದಿದೆ.

ಊರ ಕೋಟೆ ಗೋಡೆಯ ಒಳಗೂ ಇದೇ ಪರೀಕ್ಷೆ ನಡೆಯುತ್ತದೆ ಎಂದು ಒಂದು ಮಾತು ಸೇರಿಸುತ್ತೇನೆ. 1686ರಲ್ಲಿ ಆದಿಲ್‌ಶಾಹಿ ಮುಗಿದ ಮೇಲೆ ಊರು ಖಾಲಿಯಾಯಿತು. ಹತ್ತೊಂಬತ್ತನೇ ಶತಮಾನದಲ್ಲಿ ಗೋಡೆಯ ಒಳಗೇ ಹೊಲಗಳಿದ್ದವು, ಅರಮನೆಗಳ ನಡುವೆ ಜೋಳ ಬೆಳೆಯುತ್ತಿದ್ದರು. ಇವತ್ತು ಸ್ಮಾರಕಗಳ ಸುತ್ತ ನಾವು ನೋಡುವ ಹುಲ್ಲುಹಾಸು ಎಷ್ಟೋ ಕಡೆ ಒಂದು ಕಾಲಕ್ಕೆ ಉತ್ತ ನೆಲ.

ಈಗ ಸಮ ಮಾಡುವ ಪ್ರಶ್ನೆ. ಪಾಲಿಕೆಯವರ ಮುಂದೆ ಹಳೆಯದು, ಪರಂಪರೆ ಎಂದಷ್ಟೇ ಹೇಳಿದರೆ ಮಾತು ನಿಲ್ಲಲಿಕ್ಕಿಲ್ಲ. ಲೆಕ್ಕ ಇಟ್ಟು ಮಾತನಾಡಿ. ನಿಮ್ಮ ಪಾರ್ಕಿನ ನೆಲ ನೂರು ಅಡಿಗೆ ಒಂದು ಅಡಿ ಇಳಿಯುತ್ತದೆ ಎಂದುಕೊಳ್ಳಿ, ಪೈಪ್ ಹಿಡಿದು ನೀವೇ ಅಳೆದು ಸರಿಪಡಿಸಿಕೊಳ್ಳಿ. ಒಡ್ಡಿಗೆ ಒಂದು ಅಡಿ ನೀರು ನಿಂತರೆ ಆ ನೀರು ಹಿಂದಕ್ಕೆ ನೂರು ಅಡಿ ಹರಡುತ್ತದೆ. ಒಡ್ಡು ಇನ್ನೂರು ಅಡಿ ಉದ್ದ. ನೀರು ಒಡ್ಡಿನ ಹತ್ತಿರ ಒಂದಡಿ, ದೂರದಲ್ಲಿ ಸೊನ್ನೆ, ಆದ್ದರಿಂದ ಅರ್ಧ ಹಿಡಿಯಬೇಕು. ಹತ್ತು ಸಾವಿರ ಘನ ಅಡಿ ಆಯಿತು. ಒಂದು ಘನ ಅಡಿಗೆ 28 ಲೀಟರಿಗೂ ಸ್ವಲ್ಪ ಜಾಸ್ತಿ. ಅಂದರೆ ಒಂದು ಸಲ ತುಂಬಿದರೆ ಸುಮಾರು 2 ಲಕ್ಷ 80 ಸಾವಿರ ಲೀಟರ್. 5,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಐವತ್ತಾರು ಟ್ಯಾಂಕರ್ ನೀರು. ಮಳೆಗಾಲದಲ್ಲಿ ಎರಡು ಮೂರು ಸಲ ತುಂಬಿದರೂ ಸಾಕು. ಅದು ಇಂಗುವುದು ನಿಮ್ಮ ಬೇವಿನ ಬೇರಿಗೆ, ನಿಮ್ಮ ಬಾವಿಗೆ, ಸುತ್ತಲಿನ ಬೋರ್‌ವೆಲ್‌ಗಳಿಗೆ. ಒಡ್ಡು ತೆಗೆದರೆ ಅಷ್ಟೂ ನೀರು ಕೆಳಗಿನ ಓಣಿಗೆ ಹರಿಯುತ್ತದೆ. ಆಗ ಆ ಓಣಿಯವರು ಗಟಾರ ದೊಡ್ಡದು ಮಾಡಿ ಎಂದು ಅರ್ಜಿ ಕೊಡುತ್ತಾರೆ.

ಒಂದು ಅನುಮಾನವನ್ನು ನಾನೇ ಎತ್ತುತ್ತೇನೆ. ಡೋಣಿ ಹೊಳೆಯ ದಂಡೆಯಂಥ ಆಳವಾದ ಎರೆ ಭೂಮಿಯಲ್ಲಿ ಸಮಪಾತಳಿ ಒಡ್ಡು ಎಲ್ಲ ಕಡೆ ಯಶಸ್ವಿಯಾಗಲಿಲ್ಲ. ಬೇಸಿಗೆಯಲ್ಲಿ ಒಡ್ಡೇ ಬಿರುಕು ಬಿಟ್ಟು, ಮಳೆಯಲ್ಲಿ ನೀರು ಆ ಬಿರುಕಿನಿಂದ ನುಗ್ಗಿ ಒಡೆಯುತ್ತಿತ್ತು. ನೀರು ನಿಂತು ಬೆಳೆ ಹಳದಿಯಾಗುತ್ತಿತ್ತು. ರೈತರು ಬೈದುಕೊಂಡು ಒಡ್ಡು ಒಡೆದ ಊರುಗಳನ್ನು ನಾನೇ ನೋಡಿದ್ದೇನೆ, ಅವರದು ತಪ್ಪಾಗಿರಲಿಲ್ಲ. ಆದರೆ ವಿಜಯಪುರ ನಗರ ಇರುವುದು ಎತ್ತರದ ಮಡ್ಡಿ ಭೂಮಿಯಲ್ಲಿ. ಮಣ್ಣಿನ ಆಳ ಕಡಿಮೆ, ಕೆಳಗೆ ಗರಸು, ನೀರು ಬೇಗ ಇಂಗುತ್ತದೆ. ಎರಡು ದಿನದಲ್ಲಿ ನೀರು ಇಂಗಿಹೋಗುತ್ತದೆ ಎಂದು ನೀವೇ ಬರೆದಿದ್ದೀರಿ. ಅಂದಮೇಲೆ ಸೊಳ್ಳೆಯ ಭಯವೂ ಬೇಡ. ಸೊಳ್ಳೆ ಮೊಟ್ಟೆಯಿಂದ ಹೊರಬಂದು ಹಾರಲು ಒಂದು ವಾರದಷ್ಟು ಸಮಯ ಬೇಕು.

ವಾಕಿಂಗ್ ಪಾತ್ ಬೇಕೇ ಬೇಕು, ವಯಸ್ಸಾದವರು ನಡೆಯಬೇಕಲ್ಲವಾ. ದಾರಿಯನ್ನು ಒಡ್ಡಿನ ಕೆಳಬದಿಗೆ, ಅದರ ಗುಂಟವೇ ಒಯ್ಯಿರಿ, ಬೇವಿನ ನೆರಳು ಸಿಗುತ್ತದೆ. ದಾಟಲೇಬೇಕಾದ ಕಡೆ ಒಡ್ಡು ಕತ್ತರಿಸಬೇಡಿ, ಎರಡೂ ಬದಿಗೆ ಮಣ್ಣು ಹಾಕಿ ಇಳುಕಲು ಮಾಡಿ ಮೇಲಿನಿಂದ ದಾಟಿಸಿ. ಕತ್ತರಿಸಿದ ಒಂದು ಕಿಂಡಿ ಸಾಕು, ಮೊದಲ ದೊಡ್ಡ ಮಳೆಗೆ ನೀರೆಲ್ಲ ಅಲ್ಲಿಂದಲೇ ನುಗ್ಗಿ ಇಡೀ ಒಡ್ಡು ಕಿತ್ತುಹೋಗುತ್ತದೆ. ಹೆಚ್ಚಾದ ನೀರು ಹೋಗಲು ಒಡ್ಡಿನ ಒಂದು ತುದಿಯಲ್ಲಿ ಕಲ್ಲು ಜೋಡಿಸಿದ ಕೋಡಿ ಇರಬೇಕು. ಹುನಗುಂದ ಕಡೆ ಇದನ್ನು ಗುಂಡಾವರ್ತಿ ಎನ್ನುತ್ತಾರೆ, ಅಲ್ಲಿನ ರೈತರು ಇದರಲ್ಲಿ ನಿಸ್ಸೀಮರು. ನಿಮ್ಮ ಒಡ್ಡಿನ ತುದಿಯಲ್ಲಿ ಹುಲ್ಲು ಕಿತ್ತು ನೋಡಿ, ಕಲ್ಲಿದ್ದರೆ ಅದನ್ನೇ ಸರಿ ಮಾಡಿ. ಚೌಕದ ತಗ್ಗುಗಳಿಗೆ ಕಸ, ಮನೆ ಒಡೆದ ಮಣ್ಣು ತುಂಬಬೇಡಿ. ಬಾವಿಗೆ ಗಟ್ಟಿ ಜಾಳಿಗೆ ಹಾಕಿಸಿ, ಹೂಳು ತೆಗೆಸಿ. ರಸ್ತೆಯ ನೀರನ್ನು ನೇರವಾಗಿ ಬಾವಿಗೆ ಬಿಡಬೇಡಿ, ಎಣ್ಣೆ, ಗಟಾರದ ನೀರು ಎಲ್ಲ ಸೇರಿ ಅಂತರ್ಜಲ ಕೆಡುತ್ತದೆ.

ದಾಖಲೆ ಬೇಕೆಂದರೆ ಭೂಮಾಪನ ಇಲಾಖೆಯಲ್ಲಿ ಹಳೆಯ ಗ್ರಾಮ ನಕ್ಷೆ, ಟಿಪ್ಪಣಿ ಕೇಳಿ. ನಿಮ್ಮ ಪ್ಲಾಟಿನ ಕಾಗದದಲ್ಲಿ ಮೂಲ ಸರ್ವೆ ನಂಬರ್ ಇರುತ್ತದೆ, ಅದರಿಂದ ಹಿಂದಕ್ಕೆ ಹೋಗಬಹುದು. ಅಮೆರಿಕದ ಕೊರೋನಾ ಎಂಬ ಉಪಗ್ರಹಗಳು 1960ರಿಂದ 1972ರವರೆಗೆ ತೆಗೆದ ಚಿತ್ರಗಳನ್ನು 1995ರಲ್ಲಿ ಎಲ್ಲರಿಗೂ ಬಿಟ್ಟರು, ಇಂಟರ್ನೆಟ್ಟಿನಲ್ಲಿ ಹುಡುಕಬಹುದು. ನಿಮ್ಮ ಜಾಗ ಸ್ಪಷ್ಟವಾಗಿ ಸಿಕ್ಕರೆ ಆಗಿನ ಹೊಲದ ಗಡಿಗಳು ಕಾಣುತ್ತವೆ.

ಆದರೆ ಇದೆಲ್ಲಕ್ಕಿಂತ ದೊಡ್ಡ ದಾಖಲೆಯನ್ನು ನೀವು ಪತ್ರದ ಕೊನೆಗೆ ಒಂದು ಸಾಲಿನಲ್ಲಿ ಬರೆದಿದ್ದೀರಿ. ಆ ಅಜ್ಜಿ. ಎಳ್ಳಮಾವಾಸ್ಯೆಗೆ ನಮ್ಮ ಕಡೆ ಹೊಲಕ್ಕೆ ಹೋಗಿ ಬನ್ನಿಗಿಡದ ಕೆಳಗೆ ಐದು ಕಲ್ಲು ಇಟ್ಟು, ಪಾಂಡವರು ಎಂದು ಪೂಜೆ ಮಾಡಿ, ಕಡುಬು, ಹೋಳಿಗೆ, ಪಲ್ಯ ಎಡೆ ಮಾಡಿ, ಹೊಲದ ಸುತ್ತ ಚರಗ ಚೆಲ್ಲುತ್ತಾರೆ. ಭೂಮಿತಾಯಿಗೆ ಉಣಿಸುವ ಹಬ್ಬ ಅದು. ಹೊಲ ಮಾರಿ ಇಪ್ಪತ್ತು ವರ್ಷವಾದರೂ ಅವರು ಬರುತ್ತಿದ್ದಾರೆ ಎಂದರೆ ಅದು ಅವರ ಮನೆತನದ ಹೊಲವೇ ಇರಬೇಕು. ಬರುವ ಎಳ್ಳಮಾವಾಸ್ಯೆಗೆ ಬೆಳಿಗ್ಗೆ ಬೇಗ ಹೋಗಿ, ಅವರಿಗೆ ಕುಡಿಯಲು ನೀರು ಕೊಟ್ಟು, ಪೂಜೆ ಮುಗಿಯುವವರೆಗೆ ಕಾಯಿರಿ. ಹೊಲಕ್ಕೆ ಏನೆಂದು ಕರೆಯುತ್ತಿದ್ದರು ಕೇಳಿ. ನಮ್ಮಲ್ಲಿ ಹೆಸರಿಲ್ಲದ ಹೊಲ ಇರುವುದಿಲ್ಲ. ಬಾವಿ ಹೊಲ, ಮಡ್ಡಿ ಹೊಲ, ಬೇವಿನಗಿಡದ ಹೊಲ, ಏನೋ ಒಂದು ಇದ್ದೇ ಇರುತ್ತದೆ. ಒಡ್ಡು ಹಾಕಿದ್ದು ಯಾರು, ಮೊಟ್ಟೆ ಹೊಡೆದದ್ದು ಯಾವ ವರ್ಷದವರೆಗೆ, ತೋಟದಲ್ಲಿ ಏನು ಬೆಳೆಯುತ್ತಿದ್ದರು ಎಂದೂ ಕೇಳಿ, ಬರೆದಿಟ್ಟುಕೊಳ್ಳಿ. ಆಮೇಲೆ ಅವರು ಚರಗ ಚೆಲ್ಲಲು ಎದ್ದಾಗ ಹಿಂದೆ ಹಿಂದೆ ನಡೆಯಿರಿ. ಅವರು ಎಲ್ಲಿ ತಿರುಗುತ್ತಾರೋ ಅಲ್ಲಿ ಒಂದು ಗುರುತು ಹಾಕಿ. ಬಾಂದುಕಲ್ಲು ಸಿಕ್ಕದಿದ್ದರೆ ಹೊಲದ ಮೂಲೆಯನ್ನು ಅಲ್ಲೇ ಹುಡುಕಬೇಕು.